ಹತ್ತು ರೂಪಾಯಿಯ ಗಾಂಧಿ ಸ್ಟಾಂಪಿಗಾಗಿ ಹಳೆಯ ಆಲ್ಬಂ ಮಾರುವುದು ಹೇಗೆ?

ಅಂಚೆಚೀಟಿ ಸಂಗ್ರಹಿಸುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಶಾಲೆಯ ದಿನಗಳಿಂದ ಕೂಡಿಟ್ಟ ಆಲ್ಬಂಗಳಿವೆ. ಅದರಲ್ಲಿ ಒಂದಷ್ಟನ್ನು ಮಾರಿ, 1948ರ ಹತ್ತು ರೂಪಾಯಿಯ ಗಾಂಧಿ ಸ್ಟಾಂಪ್ ಕೊಳ್ಳಬಹುದಾ? ಎಲ್ಲಿಂದ ಶುರು ಮಾಡಲಿ?"

ಕೊಳ್ಳಬಹುದು. ಆದರೆ ಆಲ್ಬಂಗಳನ್ನು ಚೀಲಕ್ಕೆ ತುಂಬಿಕೊಂಡು ಮೊದಲು ಸಿಕ್ಕ ಡೀಲರ್ ಮುಂದೆ ಇಟ್ಟರೆ ಆಗುವುದಿಲ್ಲ. ಏನನ್ನು ಮಾರಬೇಕು, ಏನನ್ನು ಮುಟ್ಟಬಾರದು, ಯಾವುದನ್ನು ಮೊದಲು ಕಳಿಸಬೇಕು ಎಂಬುದು ಗೊತ್ತಿದ್ದರೆ ಸಾಧಾರಣ ಸಂಗ್ರಹದಿಂದಲೂ ಇದು ಸಾಧ್ಯ. ಕೈಯಲ್ಲಿ ಒಂದಿಷ್ಟು ತಿಂಗಳ ಸಮಯ ಇಟ್ಟುಕೊಳ್ಳಿ. ಆತುರದಲ್ಲಿ ಮಾರಿದವರಿಗೆ ಸಿಗುವುದು ಅರ್ಧ ಬೆಲೆಗೂ ಕಡಿಮೆ.

ಮೊದಲು ಆ ಸ್ಟಾಂಪಿನ ವಿಷಯ ಸ್ವಲ್ಪ. ಸ್ವಾತಂತ್ರ್ಯದ ಮೊದಲ ವರ್ಷಾಚರಣೆಯ ದಿನ, 1948ರ ಆಗಸ್ಟ್ 15ರಂದು, ಗಾಂಧೀಜಿಯ ಚಿತ್ರವಿರುವ ನಾಲ್ಕು ಅಂಚೆಚೀಟಿಗಳು ಬಂದವು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ ಮತ್ತು ಹತ್ತು ರೂಪಾಯಿ. ಮುದ್ರಿಸಿದ್ದು ಸ್ವಿಟ್ಜರ್ಲೆಂಡಿನ ಹೆಲಿಯೋ ಕೂರ್ವಾಸಿಯೇ ಸಂಸ್ಥೆ. ಚಿತ್ರದ ಜತೆ 'ಬಾಪು' ಎಂದು ದೇವನಾಗರಿ ಮತ್ತು ಉರ್ದು ಲಿಪಿಗಳಲ್ಲಿದೆ. ಆಣೆಯ ಸ್ಟಾಂಪುಗಳು ಜನರ ಕೈಗೆ ಎಟುಕಿದವು, ಇವತ್ತಿಗೂ ಸುಲಭವಾಗಿ ಸಿಗುತ್ತವೆ. ಆದರೆ ಆ ಕಾಲದಲ್ಲಿ ಹತ್ತು ರೂಪಾಯಿ ಎಂದರೆ ದೊಡ್ಡ ಮೊತ್ತ. ಅಷ್ಟು ಕೊಟ್ಟು ಸ್ಟಾಂಪ್ ಎತ್ತಿಟ್ಟವರು ಕಡಿಮೆ. ಸ್ವತಂತ್ರ ಭಾರತದ ಆಲ್ಬಂನಲ್ಲಿ ಮೊದಲ ಪುಟಗಳಲ್ಲೇ ಖಾಲಿ ಉಳಿಯುವ ಜಾಗ ಇದೇ.

ಇದೇ ಸ್ಟಾಂಪುಗಳ ಮೇಲೆ 'ಸರ್ವಿಸ್' ಎಂದು ಅಚ್ಚೊತ್ತಿದ ಕೆಲವು ಪ್ರತಿಗಳೂ ಇವೆ. ಗವರ್ನರ್ ಜನರಲ್ ಕಚೇರಿಯ ಬಳಕೆಗೆಂದು ಹತ್ತು ರೂಪಾಯಿಯವು ಬರೀ 100 ಮಾತ್ರ. ಅಂಥ ನಾಲ್ಕು ಬಿಡಿಸದೆ ಒಟ್ಟಿಗಿದ್ದ ಸಾಲೊಂದು 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಯಾರಾದರೂ ಕಡಿಮೆ ಬೆಲೆಗೆ 'ಸರ್ವಿಸ್' ಗಾಂಧಿ ತೋರಿಸಿದರೆ ನಕಲಿ ಎಂದೇ ತಿಳಿದು ಕೈಮುಗಿದು ಬನ್ನಿ.

ಬೇಕಾಗುವ ಸಾಮಾನು

ಸ್ಟಾಂಪ್ ಹಿಡಿಯುವ ಚಿಮಟ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಪರ್ಫರೇಶನ್ ಗೇಜ್ (ಅಂಚಿನ ಹಲ್ಲುಗಳನ್ನು ಅಳೆಯುವ ಪಟ್ಟಿ), ಗ್ಲಾಸೀನ್ (ನುಣುಪಾದ, ಅರೆಪಾರದರ್ಶಕ ಕಾಗದ) ಲಕೋಟೆಗಳು, ಒಂದು ನೋಟ್‌ಬುಕ್. ಸ್ಟಾಂಪುಗಳ ವಿವರ, ಬೆಲೆ ಪಟ್ಟಿ ಮಾಡಿದ ಕ್ಯಾಟಲಾಗ್ ಒಂದು ಬೇಕು. ಇಂಗ್ಲೆಂಡಿನ ಸ್ಟಾಂಪ್ ವ್ಯಾಪಾರ ಸಂಸ್ಥೆ ಸ್ಟ್ಯಾನ್ಲಿ ಗಿಬ್ಬನ್ಸ್‌ನ ಭಾರತದ ಸಂಪುಟ ಹೆಚ್ಚು ಬಳಕೆಯಲ್ಲಿದೆ. ಹೊಸ ಆವೃತ್ತಿಯೇ ಆಗಬೇಕೆಂದಿಲ್ಲ, ಗೆಳೆಯರಿಂದ ಎರವಲು ತಂದರೂ ನಡೆಯುತ್ತದೆ.

1. ಯಾವ ಹತ್ತು ರೂಪಾಯಿ ಬೇಕು ಎಂದು ಮೊದಲು ತೀರ್ಮಾನಿಸಿ

ಒಂದೇ ಸ್ಟಾಂಪಿಗೆ ಮೂರು ಬೆಲೆ. ಬಳಸದ, ಹಿಂಬದಿಯ ಅಂಟು ಹಾಗೇ ಇರುವ, ಹಿಂಜ್ ತಾಗದ ಪ್ರತಿ ಎಲ್ಲಕ್ಕಿಂತ ದುಬಾರಿ. ಹಿಂಜ್ ಎಂದರೆ ಆಲ್ಬಂಗೆ ಅಂಟಿಸಲು ಹಿಂದಿನವರು ಬಳಸುತ್ತಿದ್ದ ಪುಟ್ಟ ಮಡಚಿದ ಕಾಗದ. ಅದರ ಗುರುತು ಉಳಿದ ಮಿಂಟ್ ಪ್ರತಿ (ಮಿಂಟ್ ಎಂದರೆ ಬಳಸದ್ದು) ಅದಕ್ಕಿಂತ ಅಗ್ಗ. ಅಂಚೆ ಮುದ್ರೆ ಬಿದ್ದ, ಬಳಸಿದ ಪ್ರತಿ ಇನ್ನೂ ಅಗ್ಗ.

ನನ್ನ ಸಲಹೆ: ಮೊದಲ ಸಲ ಕೊಳ್ಳುವವರು ಹಿಂಜ್ ಗುರುತಿರುವ ಮಿಂಟ್ ಅಥವಾ ಒಳ್ಳೆಯ ಮುದ್ರೆಯಿರುವ ಬಳಸಿದ ಪ್ರತಿಯನ್ನು ಹುಡುಕಲಿ. ಆಲ್ಬಂನಲ್ಲಿಟ್ಟ ಮೇಲೆ ಮುಂಬದಿಯೇ ಕಾಣುವುದು. ಕಾಣದ ಅಂಟಿಗಾಗಿ ದುಪ್ಪಟ್ಟು ಕೊಡಬೇಕೆ ಎಂದು ಯೋಚಿಸಿ.

ಬೆಲೆ ತಿಳಿಯಲು ಜಾಹೀರಾತು ನೋಡಬೇಡಿ. ಹರಾಜು ಸಂಸ್ಥೆಗಳು ಮುಗಿದ ಹರಾಜುಗಳ ಫಲಿತಾಂಶ ಪ್ರಕಟಿಸುತ್ತವೆ. ಈಚಿನ ನಾಲ್ಕೈದು ಹರಾಜುಗಳಲ್ಲಿ ನಿಮಗೆ ಬೇಕಾದ ದರ್ಜೆಯ ಪ್ರತಿ ಎಷ್ಟಕ್ಕೆ ಹೋಯಿತು ಎಂದು ಬರೆದುಕೊಳ್ಳಿ. ಅದರ ಮೇಲೆ ಹರಾಜಿನವರು ಕೊಳ್ಳುವವರಿಂದ ತೆಗೆದುಕೊಳ್ಳುವ ಪ್ರೀಮಿಯಂ, ತೆರಿಗೆ, ಅಂಚೆ ಖರ್ಚು ಸೇರಿಸಿ. ಬಂದ ಮೊತ್ತವೇ ನಿಮ್ಮ ಗುರಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನು ಬರೆದಿಡಿ.

2. ಮಾರುವುದು, ಉಳಿಸುವುದು: ಬೇರ್ಪಡಿಸುವ ಬಗೆ

ಹೆಚ್ಚಿನವರು ತಪ್ಪುವುದು ಇಲ್ಲೇ. ಬೆಲೆ ಕಡಿಮೆ ಇರುವುದನ್ನು ಮಾರುತ್ತಾರೆ, ಹೆಚ್ಚಿರುವುದನ್ನು ಉಳಿಸುತ್ತಾರೆ. ಕೇಳಿಕೊಳ್ಳಬೇಕಾದದ್ದು ಬೇರೆ ಪ್ರಶ್ನೆ: ಇದು ನಾಳೆ ಮತ್ತೆ ಸಿಗುತ್ತದೆಯೇ? ದುಡ್ಡು ಕೊಟ್ಟರೆ ಯಾವತ್ತಾದರೂ ಸಿಗುವಂಥದ್ದನ್ನು ನಿಶ್ಚಿಂತೆಯಿಂದ ಮಾರಿ. ಎಷ್ಟು ಕೊಟ್ಟರೂ ಮತ್ತೆ ಸಿಗದಂಥದ್ದು ಇವತ್ತು ನೂರು ರೂಪಾಯಿ ಬಾಳದಿದ್ದರೂ ಮಾರಬೇಡಿ.

ಮತ್ತೆ ಸಿಗುವಂಥವು ಯಾವುವು? 1947ರ ನವೆಂಬರ್ 21ರಂದು ಬಂದ ಮೂರೂವರೆ ಆಣೆಯ 'ಜೈಹಿಂದ್' ಬಾವುಟದ ಸ್ಟಾಂಪ್ ಚೆಂದದ್ದು, ಚರಿತ್ರೆಯುಳ್ಳದ್ದು, ಆದರೆ ಅಪರೂಪದ್ದಲ್ಲ. ಎರಡು ಮೂರು ಪ್ರತಿ ಇದ್ದರೆ ಒಂದನ್ನಿಟ್ಟುಕೊಂಡು ಉಳಿದವನ್ನು ಕೊಡಿ. 1949ರ ಪುರಾತತ್ವ ಸರಣಿಯೂ ಹೀಗೆಯೇ. ಹದಿನಾರು ಸ್ಟಾಂಪುಗಳ ಆ ಸರಣಿಯಲ್ಲಿ ನಮ್ಮ ವಿಜಯಪುರದ ಗೋಳಗುಮ್ಮಟ ಆರು ಆಣೆಯದರಲ್ಲಿದೆ. ಸರಣಿಯ ಕೊನೆಯ, ಹದಿನೈದು ರೂಪಾಯಿಯ ಶತ್ರುಂಜಯ ದೇವಾಲಯದ ಸ್ಟಾಂಪ್ ಮಿಂಟ್ ಸ್ಥಿತಿಯಲ್ಲಿದ್ದರೆ ನಿಮ್ಮ ಗುರಿಯ ದೊಡ್ಡ ಪಾಲು ಅದರಿಂದಲೇ ಬರಬಹುದು. ಆದರೆ ಸರಣಿ ಪೂರ್ತಿ ಇದ್ದರೆ ಬಿಡಿ ಮಾಡಬೇಡಿ. ದೊಡ್ಡದನ್ನು ಕೊಟ್ಟ ಮೇಲೆ ಉಳಿದ ಹದಿನೈದನ್ನು ಕೇಳುವವರಿಲ್ಲ.

1970ರ ನಂತರದ ಫಸ್ಟ್ ಡೇ ಕವರ್‌ಗಳು (ಬಿಡುಗಡೆಯ ದಿನದ ಮುದ್ರೆ ಹಾಕಿದ ಲಕೋಟೆಗಳು) ಬಹುತೇಕರ ಬಳಿ ಡಬ್ಬಗಟ್ಟಲೆ ಇರುತ್ತವೆ. ಕೊಳ್ಳುವಾಗಿನ ಉತ್ಸಾಹಕ್ಕೆ ತಕ್ಕ ಬೆಲೆ ಮಾರುವಾಗ ಇಲ್ಲ. ಅವನ್ನು ವಿಷಯವಾರು ಮಾಡಿ: ಹಕ್ಕಿ, ರೈಲು, ಕ್ರಿಕೆಟ್, ನೃತ್ಯ. ವಿಷಯ ಹಿಡಿದು ಸಂಗ್ರಹಿಸುವವರು ಹೀಗೆ ಕಟ್ಟಿದ ಕಟ್ಟನ್ನೇ ಕೇಳುತ್ತಾರೆ. 2006ರ ಶ್ರೀಗಂಧದ ಪರಿಮಳದ ಸ್ಟಾಂಪ್, 2017ರ ಕಾಫಿ ಪರಿಮಳದ ಸ್ಟಾಂಪ್, ಖಾದಿ ಬಟ್ಟೆಯ ಮೇಲೆ ಮುದ್ರಿಸಿದ 2011ರ ಗಾಂಧಿ ಸ್ಟಾಂಪ್ ಇಂಥವನ್ನು ಒಂದಕ್ಕಿಂತ ಹೆಚ್ಚು ಕೊಂಡಿಟ್ಟಿದ್ದರೆ ಹೆಚ್ಚುವರಿ ಪ್ರತಿಗಳನ್ನು ಪಟ್ಟಿಗೆ ಸೇರಿಸಿ.

ಇನ್ನು ಮಾರಬಾರದವು. ಅಜ್ಜನಿಗೆ ಬಂದ ಕಾಗದ, ಅದರ ಲಕೋಟೆ, ಅದರ ಮೇಲೆ ನಿಮ್ಮೂರಿನ ಅಂಚೆ ಕಚೇರಿಯ ಸ್ಪಷ್ಟ ಮುದ್ರೆ. ಮುಳುಗಡೆಯಾದ ಊರುಗಳ, ಮುಚ್ಚಿಹೋದ ಶಾಖಾ ಕಚೇರಿಗಳ ಮುದ್ರೆಗಳು. ಇಂಥ ಲಕೋಟೆಯಿಂದ ಸ್ಟಾಂಪನ್ನು ಕತ್ತರಿಸಿ ನೀರಿಗೆ ಹಾಕುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇದ್ದ ಹಾಗೇ ಇರಲಿ ಬಿಡಿ. 'ಮೈಸೂರು ಅಂಚೆ'ಯ ಮುದ್ರೆಯಿರುವ ಹಳೆಯ ಪತ್ರವೇನಾದರೂ ಮನೆಯಲ್ಲಿದ್ದರೆ, ಯಾರ ಮಾತಿಗೂ ಒಪ್ಪಿ ಕೊಡುವ ಮೊದಲು ಬಲ್ಲವರಿಗೆ ತೋರಿಸಿ. 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋದ ಸಂಸ್ಥಾನದ ಸ್ವಂತ ಅಂಚೆ ಅದು. ಅಂದಹಾಗೆ, ತಿರುವಾಂಕೂರು, ಕೊಚ್ಚಿಗಳಂತೆ ಮೈಸೂರು ಸಂಸ್ಥಾನ ಜನರ ಬಳಕೆಗೆ ಅಂಚೆಚೀಟಿ ಹೊರಡಿಸಲಿಲ್ಲ. 'ಮೈಸೂರು' ಎಂದಿರುವ ಚೀಟಿ ನಿಮ್ಮಲ್ಲಿದ್ದರೆ ಅದು ಬಹುತೇಕ ಕೋರ್ಟ್ ಫೀ ಅಥವಾ ರೆವಿನ್ಯೂ ಚೀಟಿ. ಅದಕ್ಕೂ ಸಂಗ್ರಾಹಕರಿದ್ದಾರೆ, ಆದರೆ ಬೇರೆ ಬಳಗ.

3. ಸ್ಥಿತಿಯನ್ನು ಕಣ್ಣಿಟ್ಟು ನೋಡಿ

ಸ್ಟಾಂಪನ್ನು ಬೆರಳಿನಿಂದ ಮುಟ್ಟಬೇಡಿ. ಕೈಯ ಬೆವರು ಅಂಟಿನ ಮೇಲೆ ಗುರುತು ಬಿಡುತ್ತದೆ. ಚಿಮಟದಿಂದ ತೆಗೆದು, ಕಪ್ಪು ತಟ್ಟೆಯ ಮೇಲೆ ಮಗುಚಿ ಇಡಿ. ಕಿಟಕಿಯ ಬೆಳಕಿನಲ್ಲಿ ಓರೆಯಾಗಿ ನೋಡಿದರೆ ಎಷ್ಟೋ ವಿಷಯ ಕಾಣುತ್ತದೆ: ಹಿಂಜ್ ಕಿತ್ತ ಕಡೆ ಕಾಗದದ ಪದರ ಎದ್ದು ತೆಳುವಾಗಿರುವುದು, ಮಡಿಕೆಯ ಗೆರೆ, ಮೂಲೆಯಲ್ಲಿ ಮುರಿದ ಹಲ್ಲು.

ಕರಾವಳಿ, ಮಲೆನಾಡಿನ ಮನೆಗಳಲ್ಲಿದ್ದ ಆಲ್ಬಂಗಳ ದೊಡ್ಡ ಶತ್ರು ತೇವ. ಮಳೆಗಾಲ ಕಳೆದಂತೆಲ್ಲ ಹಲ್ಲಿನ ತುದಿಗಳಲ್ಲಿ ಕಂದು ಚುಕ್ಕೆ ಕಾಣಿಸಿಕೊಳ್ಳುತ್ತದೆ. ಡೀಲರುಗಳು ಇದನ್ನು ಫಾಕ್ಸಿಂಗ್ ಅಥವಾ ಟೋನಿಂಗ್ ಎನ್ನುತ್ತಾರೆ. ಇದಿದ್ದರೆ ಬೆಲೆ ಬೀಳುತ್ತದೆ. ಬ್ಲೀಚಿಂಗ್, ನಿಂಬೆರಸ, ಅಳಿಸುವ ರಬ್ಬರ್ ಯಾವುದನ್ನೂ ಪ್ರಯೋಗಿಸಬೇಡಿ. ಚುಕ್ಕೆಯಿರುವ ಸ್ಟಾಂಪಿಗೆ ಕಡಿಮೆ ಬೆಲೆಯಾದರೂ ಇದೆ, ತೊಳೆದು ಕೆಡಿಸಿದ್ದಕ್ಕೆ ಅದೂ ಇಲ್ಲ.

ಪ್ರತಿ ಸ್ಟಾಂಪಿನ ದೋಷವನ್ನು ನೋಟ್‌ಬುಕ್ಕಿನಲ್ಲಿ ಅದರ ಹೆಸರಿನ ಎದುರು ಬರೆಯಿರಿ. ಮಾರುವಾಗ ಇದನ್ನೇ ಹೇಳಬೇಕಾಗುತ್ತದೆ. ದೋಷ ಮೊದಲೇ ಹೇಳಿ ಮಾರಿದವರ ಬಳಿಗೆ ಕೊಳ್ಳುವವರು ಮತ್ತೆ ಬರುತ್ತಾರೆ, ಮತ್ತು ನಿಮಗೆ ಮಾರುವುದಕ್ಕೆ ಇನ್ನೂ ಹತ್ತು ಕಟ್ಟು ಇವೆ.

4. ಬೆಲೆ ಕಟ್ಟುವುದು

ಕ್ಯಾಟಲಾಗ್ ಬೆಲೆಯೇ ಕೈಗೆ ಬರುವ ಬೆಲೆ ಎಂದುಕೊಂಡವರು ಬೇಸರಪಡುತ್ತಾರೆ. ಸ್ಟ್ಯಾನ್ಲಿ ಗಿಬ್ಬನ್ಸ್‌ನಲ್ಲಿರುವುದು ಉತ್ತಮ ಸ್ಥಿತಿಯ ಪ್ರತಿಯನ್ನು ಅವರ ಅಂಗಡಿ ಮಾರುವ ಬೆಲೆ. ನೀವು ಮಾರುವವರು, ಅಂಗಡಿಯಲ್ಲ. ಅದರಲ್ಲಿ ಅತಿ ಕಡಿಮೆ ಬೆಲೆ ನಮೂದಿಸಿದ ಸ್ಟಾಂಪುಗಳಿಗೆ ಕೊಟ್ಟಿರುವುದು ಅಸಲು ಮೌಲ್ಯವೂ ಅಲ್ಲ, ಹುಡುಕಿ ತೆಗೆದುಕೊಡುವ ಶ್ರಮದ ಕನಿಷ್ಠ ದರ. ಅಂಥ ಐನೂರು ಸ್ಟಾಂಪುಗಳನ್ನು ಗುಣಿಸಿ ಕೂಡಿಸಿ ಸಂತೋಷಪಡಬೇಡಿ.

ಇಲ್ಲೂ ಮುಗಿದ ಹರಾಜಿನ ಫಲಿತಾಂಶವೇ ದಾರಿ. ಫಲಿತಾಂಶ ಸಿಗದ ಸಣ್ಣ ಸ್ಟಾಂಪುಗಳಿಗೆ, ಮಾರಾಟಗಾರರು ಕೇಳುತ್ತಿರುವ ಬೆಲೆಗಳಲ್ಲಿ ಅತಿ ಕಡಿಮೆಯದನ್ನು ಹಿಡಿದು, ಅದರಿಂದ ಸ್ವಲ್ಪ ಇಳಿಸಿ.

ಈಚಿನ ವರ್ಷಗಳ ಮಿಂಟ್ ಶೀಟುಗಳಿಗೆ, ಮಿನಿಯೇಚರ್ ಶೀಟುಗಳಿಗೆ (ಒಂದೋ ಕೆಲವೋ ಸ್ಟಾಂಪುಗಳಿರುವ ಪುಟ್ಟ ಅಲಂಕೃತ ಹಾಳೆಗಳು) ಮುಖಬೆಲೆಯಷ್ಟೂ ಬಾರದಿರುವುದುಂಟು. ಬೇಸರಿಸದೆ ಮಾರಿ ಮುಂದೆ ಹೋಗಿ, ಇಲ್ಲವೇ ಖರೀದಿದಾರರಿಗೆ ಕಳಿಸುವ ಲಕೋಟೆಗಳಿಗೆ ಅಂಟಿಸಿ. ಚೆಂದದ ಸ್ಟಾಂಪ್ ಹಚ್ಚಿ ಬಂದ ಲಕೋಟೆಯನ್ನು ಸಂಗ್ರಾಹಕರು ಎತ್ತಿಡುತ್ತಾರೆ.

5. ಎಲ್ಲಿ ಮಾರಬೇಕು

ಸಣ್ಣಪುಟ್ಟದ್ದಕ್ಕೆ ಸಂಗ್ರಾಹಕರ ಸಂಘದ ಸಭೆಯೇ ಒಳ್ಳೆಯ ಜಾಗ. ಬೆಂಗಳೂರಿನಲ್ಲಿ ಕರ್ನಾಟಕ ಫಿಲಾಟೆಲಿಕ್ ಸೊಸೈಟಿ ಇದೆ. ರಾಜಭವನ ರಸ್ತೆಯ ಜಿಪಿಒದಲ್ಲಿರುವ (ಪ್ರಧಾನ ಅಂಚೆ ಕಚೇರಿ) ಫಿಲಾಟೆಲಿ ಬ್ಯೂರೋದಲ್ಲಿ (ಸಂಗ್ರಾಹಕರಿಗಾಗಿ ಇರುವ ವಿಭಾಗ) ಕೇಳಿದರೆ ಸಂಘದವರ, ಮುಂಬರುವ ಪ್ರದರ್ಶನಗಳ ಮಾಹಿತಿ ಸಿಗುತ್ತದೆ. 'ಕರ್ನಾಪೆಕ್ಸ್'ನಂಥ ರಾಜ್ಯಮಟ್ಟದ ಪ್ರದರ್ಶನಗಳಿಗೆ ಹೊರ ರಾಜ್ಯದ ಡೀಲರುಗಳೂ ಬಂದು ಮಳಿಗೆ ಹಾಕುತ್ತಾರೆ. ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಜನರಿಂದ ಬೆಲೆ ಕೇಳಲು ಅಂಥ ಅವಕಾಶ ಇನ್ನೊಂದಿಲ್ಲ. ಮೊದಲ ದಿನ ಕೇಳಿ, ಕೊನೆಯ ದಿನ ಕೊಡಿ.

ಡೀಲರ್ ಕೊಡುವ ಬೆಲೆ ಕಡಿಮೆ, ಆದರೆ ಕೈಗೆ ಬೇಗ ಹಣ. ಅವರೂ ಬಾಡಿಗೆ ಕಟ್ಟಬೇಕು, ಮಾರಾಟವಾಗುವವರೆಗೆ ಬಂಡವಾಳ ಹೂಡಬೇಕು. ಹಾಗಾಗಿ ಕಡಿಮೆ ಕೇಳಿದರೆ ಅದನ್ನು ಮೋಸ ಎನ್ನಲಾಗದು. ಒಂದು ಮಾತಿನಲ್ಲಿ ಮಾತ್ರ ಗಟ್ಟಿಯಾಗಿರಿ. ಆಲ್ಬಂ ತಿರುವಿ ಬೇಕಾದ ಐದನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ವಾಪಸು ತಳ್ಳಲು ಬಿಡಬೇಡಿ. ನೀವೇ ಮೊದಲೇ ಕಟ್ಟುಗಳನ್ನು ಮಾಡಿ, ಪ್ರತಿ ಕಟ್ಟಿನಲ್ಲೂ ಆಸೆ ಹುಟ್ಟಿಸುವ ಒಂದೆರಡು, ಸಾಧಾರಣವಾದ ಹತ್ತು ಹದಿನೈದು ಸೇರಿಸಿ. ಕಟ್ಟಿಗೆ ಒಂದೇ ಬೆಲೆ.

ಶತ್ರುಂಜಯದಂಥ ದೊಡ್ಡ ಬೆಲೆಯದ್ದಕ್ಕೆ ಹರಾಜು ಸರಿ. ಕೊಡುವ ಮೊದಲು ನಾಲ್ಕು ವಿಷಯ ಬರವಣಿಗೆಯಲ್ಲಿ ತೆಗೆದುಕೊಳ್ಳಿ: ಮಾರುವವರಿಂದ ಎಷ್ಟು ಕಮಿಷನ್, ಬೇಸ್ ಪ್ರೈಸ್ (ಹರಾಜು ಶುರುವಾಗುವ ಬೆಲೆ) ಎಷ್ಟು ಇಡುತ್ತಾರೆ, ಮಾರಾಟವಾಗದಿದ್ದರೆ ವಾಪಸು ಕಳಿಸುವ ಖರ್ಚು ಯಾರದು, ಹಣ ಯಾವಾಗ ಬರುತ್ತದೆ. ಕೊಟ್ಟ ದಿನದಿಂದ ಹಣ ಕೈಸೇರಲು ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಪಟ್ಟಿಯಲ್ಲಿ ಹರಾಜಿನ ಸರಕು ಮೊದಲು ಹೊರಡಲಿ. ಅದು ಮುಗಿಯುವಷ್ಟರಲ್ಲಿ ಸಣ್ಣವನ್ನು ನೀವೇ ಮಾರಿ ಮುಗಿಸಬಹುದು.

ನನಗೆ ಎಲ್ಲಕ್ಕಿಂತ ಹಿಡಿಸಿದ ದಾರಿ ವಿನಿಮಯ. ಹತ್ತು ರೂಪಾಯಿಯ ಗಾಂಧಿ ಇರುವ ಡೀಲರನ್ನೇ ಹುಡುಕಿ, ನಿಮ್ಮ ಸರಕನ್ನು ಬೆಲೆಯ ಒಂದು ಭಾಗವಾಗಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿ. ಅವರಿಗೆ ಮಾರಾಟವೂ ಆಯಿತು, ಸರಕೂ ಬಂತು, ಹಾಗಾಗಿ ಬರೀ ಹಣಕ್ಕೆ ಕೊಳ್ಳುವಾಗಿನದಕ್ಕಿಂತ ಉದಾರವಾಗಿ ಬೆಲೆ ಕಟ್ಟುತ್ತಾರೆ. ಮುನ್ನೆಚ್ಚರಿಕೆ: ಗಾಂಧಿಯ ಬೆಲೆಯನ್ನು ಮೊದಲು ಹೇಳಿಸಿಕೊಳ್ಳಿ, ಆಮೇಲೆ ನಿಮ್ಮ ಸರಕನ್ನು ತೆಗೆಯಿರಿ. ಎರಡನ್ನೂ ಒಟ್ಟಿಗೆ ಮಾತಾಡಿದರೆ ಲೆಕ್ಕ ಕಲೆಸಿಹೋಗುತ್ತದೆ.

ಹೊರದೇಶದವರು ಕೇಳಿದರೆ ತಕ್ಷಣ ಒಪ್ಪಬೇಡಿ. ನೂರು ವರ್ಷ ದಾಟಿದ, ಚಾರಿತ್ರಿಕ ಮಹತ್ವದ ವಸ್ತುಗಳನ್ನು ದೇಶದಿಂದ ಹೊರಗೆ ಕಳಿಸಲು 1972ರ ಪ್ರಾಚ್ಯವಸ್ತು ಕಾಯ್ದೆಯ ನಿರ್ಬಂಧವಿದೆ. ಅಷ್ಟು ಹಳೆಯದನ್ನು ದೇಶದೊಳಗೇ ಮಾರುವುದು ಕ್ಷೇಮ.

6. ಆನ್‌ಲೈನ್ ಮಾರಾಟ, ಹಣ, ರವಾನೆ

ಫೋಟೋ ಹಗಲು ಬೆಳಕಿನಲ್ಲಿ, ಕಪ್ಪು ಹಿನ್ನೆಲೆಯಲ್ಲಿ, ಮುಂದೂ ಹಿಂದೂ ತೆಗೆಯಿರಿ. ಫಿಲ್ಟರ್ ಹಾಕಬೇಡಿ. ಬಣ್ಣದ ಛಾಯೆಯ ಮೇಲೆ ಬೆಲೆ ನಿಂತಿರುತ್ತದೆ.

ಹಣದ ವಿಷಯದಲ್ಲಿ ಎರಡು ಮೋಸಗಳು ಪದೇ ಪದೇ ನಡೆಯುತ್ತಿವೆ. ಒಂದು, "ಹಣ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎನ್ನುವವರು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಹಾಕುವ ಅಗತ್ಯವೇ ಇಲ್ಲ. ಪಿನ್ ಹಾಕಿದರೆ ಹೋಗುವುದು ನಿಮ್ಮ ಹಣ. ಎರಡು, "ನಿಮ್ಮ ಹಳೆಯ ವಸ್ತುವಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ, ತೆರಿಗೆ ಕಟ್ಟಿ" ಎನ್ನುವವರು. ಹಳೆಯ ನೋಟು ನಾಣ್ಯಗಳ ಹೆಸರಿನಲ್ಲಿ ಇದು ಎಷ್ಟು ಹಬ್ಬಿತ್ತೆಂದರೆ 2021ರಲ್ಲಿ ರಿಸರ್ವ್ ಬ್ಯಾಂಕೇ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಅದೇ ಆಟ ಸ್ಟಾಂಪಿಗೂ ಬಂದಿದೆ. ಮಾರುವವರು ಮುಂಗಡ ಕಟ್ಟುವ ವ್ಯವಹಾರ ಯಾವುದೂ ಇಲ್ಲ.

ಹಣ ಬ್ಯಾಂಕ್ ಖಾತೆಗೆ ಬಂದದ್ದನ್ನು ನೀವೇ ಆ್ಯಪ್ ತೆರೆದು ನೋಡಿದ ಮೇಲೆ ರವಾನಿಸಿ. ಅವರು ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ.

ಸ್ಟಾಂಪನ್ನು ಗ್ಲಾಸೀನ್ ಲಕೋಟೆಗೆ, ಅದನ್ನು ಎರಡು ಗಟ್ಟಿ ರಟ್ಟುಗಳ ನಡುವೆ, ರಟ್ಟನ್ನು ನೀರು ಹೋಗದ ಪ್ಲಾಸ್ಟಿಕ್ ಚೀಲದೊಳಗೆ. ಟೇಪ್ ಗ್ಲಾಸೀನ್‌ಗೆ ತಾಗಬಾರದು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಂದಿಗೆ ಒಂದಾಗಿದೆ, ಹಾಗಾಗಿ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ. ಬೆಲೆಬಾಳುವುದಾದರೆ ವಿಮೆಯ ಬಗ್ಗೆ ಕೌಂಟರಿನಲ್ಲಿ ಕೇಳಿ. ರಸೀದಿ ಎಸೆಯಬೇಡಿ.

ಬಂದ ಹಣವನ್ನು ಮನೆಖರ್ಚಿನ ಖಾತೆಯಲ್ಲಿ ಬೆರೆಸದೆ ಬೇರೆ ಇಡಿ. ಮೊತ್ತ ದೊಡ್ಡದಾದರೆ ತೆರಿಗೆಯ ಬಗ್ಗೆ ಆಡಿಟರನ್ನು ಕೇಳಿ.

7. ಕೊಳ್ಳುವಾಗ

ಹತ್ತು ರೂಪಾಯಿಯ ಗಾಂಧಿಗೆ ನಕಲಿ ಬಹಳ. ಆದರೆ ಗುರುತಿಸಲು ಅಗ್ಗದ ಉಪಾಯವೊಂದಿದೆ. ಅದೇ ಸರಣಿಯ ಒಂದೂವರೆ ಆಣೆಯ ಅಸಲಿ ಸ್ಟಾಂಪ್ ಕೊಂಡುಕೊಳ್ಳಿ. ನಿಮ್ಮಲ್ಲಿ ಈಗಾಗಲೇ ಇರಲೂಬಹುದು. ಚಿತ್ರ ಬೇರೆ, ಆದರೆ ಅದೇ ಮುದ್ರಣಾಲಯ, ಅದೇ ವಿಧಾನ, ಅದೇ ಹಲ್ಲು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮೊದಲು ಹಲ್ಲು. ಈ ಸರಣಿಯ ಪರ್ಫರೇಶನ್ 11½, ಅಂದರೆ ಎರಡು ಸೆಂಟಿಮೀಟರ್ ಉದ್ದದಲ್ಲಿ ಹನ್ನೊಂದೂವರೆ ರಂಧ್ರ. ಗೇಜ್ ಮೇಲಿಟ್ಟಾಗ ನಾಲ್ಕು ಕಡೆಯೂ ಹೊಂದಬೇಕು. ನಕಲಿಗಳಲ್ಲಿ ರಂಧ್ರ ಒರಟು, ಅಳತೆ ತಪ್ಪು.

ಆಮೇಲೆ ಮುದ್ರಣ. ಅಸಲಿಯದು ಫೋಟೋಗ್ರೇವರ್: ಸಿಲಿಂಡರಿನ ಮೇಲೆ ಕೊರೆದ ಅತಿ ಸಣ್ಣ ಗುಳಿಗಳಲ್ಲಿ ಮಸಿ ತುಂಬಿ ಮುದ್ರಿಸುವ ವಿಧಾನ. ಭೂತಗನ್ನಡಿಯಲ್ಲಿ ಗಾಂಧೀಜಿಯ ಕೆನ್ನೆ, ಹಣೆಯ ನೆರಳನ್ನು ನೋಡಿ. ಕತ್ತಲಿಂದ ಬೆಳಕಿಗೆ ಬಣ್ಣ ಮೆಲ್ಲಗೆ ಕರಗಬೇಕು. ಪತ್ರಿಕೆಯ ಫೋಟೋದಂತೆ ಬಿಡಿಬಿಡಿ ಚುಕ್ಕೆಗಳು, ನಡುವೆ ಬಿಳಿ ಕಾಗದ ಕಂಡರೆ ಅದು ಆಫ್‌ಸೆಟ್‌ನಲ್ಲಿ ಮಾಡಿದ ನಕಲು. ಹತ್ತು ರೂಪಾಯಿಯದು ಎರಡು ಬಣ್ಣದ್ದು, ನೇರಳೆಗಂದು ಮತ್ತು ಕಡುಗೆಂಪು. ಬಣ್ಣ ಮಂಕಾಗಿ ಒಂದರೊಳಗೊಂದು ಇಳಿದಿದ್ದರೆ ಅನುಮಾನಿಸಿ.

ಹಿಂಜ್ ತಾಗದ ಪ್ರತಿ ಎಂದು ಹೆಚ್ಚು ಬೆಲೆ ಕೇಳಿದರೆ ಹಲ್ಲಿನ ತುದಿಗಳನ್ನು ನೋಡಿ. ಶೀಟಿನಿಂದ ಹರಿದ ಹಲ್ಲಿನ ತುದಿಯಲ್ಲಿ ಕಾಗದದ ನಾರು ಮೆತ್ತಗೆ ಎದ್ದಿರುತ್ತದೆ. ಆಮೇಲೆ ಯಾರೋ ಹೊಸ ಅಂಟು ಬಳಿದಿದ್ದರೆ ಆ ನಾರು ಅಂಟಿನಲ್ಲಿ ತೊಯ್ದು ಗಟ್ಟಿಯಾಗಿರುತ್ತದೆ.

ಬಳಸಿದ ಪ್ರತಿಯಲ್ಲಿ ಮುದ್ರೆಯ ಊರು, ದಿನಾಂಕ ಓದಿ. 1948ರ ಆಗಸ್ಟ್ 15ಕ್ಕಿಂತ ಹಿಂದಿನ ತಾರೀಕು ಕಂಡರೆ ಮಾತು ಮುಂದುವರಿಸಬೇಡಿ.

ದೊಡ್ಡ ಮೊತ್ತ ಕೊಡುವುದಾದರೆ ಪ್ರಮಾಣಪತ್ರ ಇರುವುದನ್ನೇ ಕೊಳ್ಳಿ. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ತಜ್ಞರ ಸಮಿತಿಯಂಥವರು ಪರೀಕ್ಷಿಸಿ, ಸ್ಟಾಂಪಿನ ಫೋಟೋ ಸಹಿತ ಪತ್ರ ಕೊಡುತ್ತಾರೆ. ಪತ್ರದಲ್ಲಿರುವ ಫೋಟೋದ ಹಲ್ಲು, ಮುದ್ರೆ, ಅಂಚುಗಳ ನಡುವೆ ಚಿತ್ರ ಕೂತಿರುವ ರೀತಿ ಇವು ನಿಮ್ಮ ಕೈಲಿರುವುದಕ್ಕೆ ಹೊಂದುತ್ತವೆಯೇ ಎಂದು ತಾಳೆ ನೋಡಿ. ಅಸಲಿ ಪತ್ರದ ಜತೆ ಬೇರೆ ಸ್ಟಾಂಪ್ ಕೊಡುವವರೂ ಇದ್ದಾರೆ. ಪ್ರಮಾಣಪತ್ರ ಇಲ್ಲದಿದ್ದರೆ, "ನಕಲಿ ಎಂದು ತೀರ್ಮಾನವಾದರೆ ಪೂರ್ತಿ ಹಣ ವಾಪಸು" ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಬಿಟ್ಟುಬಿಡಿ, ಇನ್ನೊಂದು ಪ್ರತಿ ಸಿಗುತ್ತದೆ.

8. ಕೈಗೆ ಬಂದ ಮೇಲೆ

ಹಿಂಜ್ ಹಾಕಬೇಡಿ. ಪಾರದರ್ಶಕ ಮೌಂಟ್‌ನಲ್ಲಿಡಿ (ಅಂಟು ತಾಗಿಸದೆ ಸ್ಟಾಂಪನ್ನು ಹಿಡಿದಿಡುವ ಪುಟ್ಟ ಚೀಲ). ಮೆತ್ತಗಿನ, ವಾಸನೆ ಬರುವ ಪಿವಿಸಿ ಹಾಳೆಯ ಆಲ್ಬಂ ಬೇಡ, ಅದು ವರ್ಷಗಳು ಕಳೆದಂತೆ ಬಣ್ಣವನ್ನು ತಿನ್ನುತ್ತದೆ. ಆಲ್ಬಂ ನೆಟ್ಟಗೆ ನಿಂತಿರಲಿ, ಒಂದರ ಮೇಲೊಂದು ಪೇರಿಸಿದರೆ ಅಂಟು ಹಾಳೆಗೆ ಹಿಡಿಯುತ್ತದೆ. ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದಲ್ಲಿ ಆಗಾಗ ಬದಲಿಸಿ. ಗೋಡೆಗೆ ಫ್ರೇಮ್ ಹಾಕಿಸುವ ಆಸೆಯಿದ್ದರೆ ಬಣ್ಣದ ಫೋಟೋಕಾಪಿಗೆ ಹಾಕಿಸಿ.

ಬಿಲ್, ಪ್ರಮಾಣಪತ್ರ, ಕೊಟ್ಟ ಹಣದ ವಿವರ ಒಂದು ಲಕೋಟೆಯಲ್ಲಿರಲಿ, ಅದರ ಫೋಟೋ ಫೋನಿನಲ್ಲಿರಲಿ. ಎಲ್ಲಿಟ್ಟಿದ್ದೀರಿ, ಅದರ ಬೆಲೆಯೆಷ್ಟು ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ. ಹಾಗೆಯೇ ಗುರಿ ಮುಟ್ಟಿದ ಮೇಲೂ ಮಾರಾಟವಾಗದೆ ಉಳಿದ ಕಟ್ಟುಗಳಿದ್ದರೆ ಮುಂದಿನ ಪ್ರದರ್ಶನಕ್ಕೆ ಬರುವ ಶಾಲಾ ಮಕ್ಕಳಿಗೆ ಕೊಡಿ. ಹಕ್ಕಿ, ರೈಲಿನ ಕಟ್ಟುಗಳು ಅವರಿಗೆ ಬಲು ಇಷ್ಟ.